ಶಾಂಪೇನು, ನಂದಿಬೆಟ್ಟ ಮತ್ತು ನಮ್ಮಪ್ಪನ ದ್ರಾಕ್ಷಿ

ಮೊನ್ನೆ ಮಗಳಿಗೆ ಬಡ್ತಿ ಸಿಕ್ಕಿತು. "ಅಪ್ಪಾ, ಶಾಂಪೇನ್ ತರೋಣ" ಅಂದಳು. ನೋಯ್ಡಾಕ್ಕೆ ಬಂದು 26 ವರ್ಷವಾಯಿತು, ವೈನ್ ಅಂಗಡಿಯೊಳಗೆ ಕಾಲಿಟ್ಟಿದ್ದು ಅದೇ ಮೊದಲು! ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ಬೆಳೆಗಾರನ ಮಗ ನಾನು ಅಂದರೆ ನೀವು ನಗಬಹುದು. ಅಪ್ಪ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆದು ಮಾರಿದರೇ ಹೊರತು ಹೆಂಡದಂಗಡಿ ಕಡೆ ತಿರುಗಿ ನೋಡಿದವರಲ್ಲ.

ಅಂಗಡಿಯಲ್ಲಿ ಬಾಟಲಿಗಳ ಚೀಟಿ ಓದುತ್ತಾ ನಿಂತೆ. 'ಎಕ್ಸ್‌ಟ್ರಾ ಡ್ರೈ' ಅಂತ ಬರೆದದ್ದು 'ಬ್ರೂಟ್'ಗಿಂತ ಸಿಹಿಯಂತೆ! ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈನಲ್ಲಿ 12ರಿಂದ 17. ನಮ್ಮ ಬ್ಯಾಂಕಿನ ಸಾಲಪತ್ರಗಳೇ ವಾಸಿ ಅನ್ನಿಸಿತು. ಇನ್ನು ಬೆಲೆ... ಬೇಡ ಬಿಡಿ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಹುಟ್ಟಿದ್ದಕ್ಕೆ ಮಾತ್ರ ಆ ಹೆಸರು, ಉಳಿದದ್ದೆಲ್ಲ ಬರೀ ಸ್ಪಾರ್ಕ್ಲಿಂಗ್ ವೈನ್.

ಆ ಸೀಮೆಯ ಗುಳ್ಳೆಗಳೇ ಚಳಿಯ ಕೂಸು. ಚಳಿಗಾಲದಲ್ಲಿ ಹುದುಗುವುದು ಅರ್ಧಕ್ಕೇ ನಿಂತು, ವಸಂತದಲ್ಲಿ ಮತ್ತೆ ಶುರುವಾಗುತ್ತಿತ್ತು. ಡಾಮ್ ಪೆರಿನ್ಯೋನ್ ಎಂಬ ಸನ್ಯಾಸಿ ಇದನ್ನು ಕಂಡುಹಿಡಿದ ಅನ್ನೋದು ಕಟ್ಟುಕಥೆ. ಅವನು ಓವಿಲೇ ಮಠಕ್ಕೆ ಬಂದದ್ದು 1668ರಲ್ಲಿ. ವೈನಿಗೆ ಸಕ್ಕರೆ ಹಾಕಿ ನೊರೆ ಬರಿಸುವುದನ್ನು ಕ್ರಿಸ್ಟೋಫರ್ ಮೆರೆಟ್ ಎಂಬಾತ 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ವಿವರಿಸಿದ್ದ.

ಇಷ್ಟರಲ್ಲಿ ಒಂದು ಹಳೆಯ ಸುದ್ದಿ ನೆನಪಾಯಿತು. 1988ರಲ್ಲಿ ನಾನು ಬಿ.ಕಾಂ ಹುಡುಗ. ನಂದಿಬೆಟ್ಟದ ತಪ್ಪಲಲ್ಲಿ ಯಾರೋ ಫ್ರಾನ್ಸಿನವನು ದ್ರಾಕ್ಷಿ ನೆಡಿಸ್ತಿದಾನಂತೆ ಅಂತ ಊರೆಲ್ಲ ಗುಲ್ಲು. ಆತ ಜಾರ್ಜ್ ವೆಸೆಲ್, ಶಾಂಪೇನ್ ಸೀಮೆಯ ಬೂಝಿ ಎಂಬ ಹಳ್ಳಿಯವನು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕರೆಸಿದವರು ಕನ್ವಲ್ ಗ್ರೋವರ್. ಅವರ ಮೊದಲ ವೈನ್ ಹೊರಬಂದದ್ದು 1992ರಲ್ಲಿ. ಚಳಿಗಾಲದಲ್ಲಿ ಬಳ್ಳಿ ನಿದ್ದೆಹೋಗುವ ಊರಿಂದ ಬಂದವನು, ವರ್ಷಕ್ಕೆರಡು ಸಲ ಸವರದಿದ್ದರೆ ಮಾತು ಕೇಳದ ನಮ್ಮ ಬಳ್ಳಿಗಳನ್ನು ನೋಡಿ ಏನಂದುಕೊಂಡನೋ! ಅಪ್ಪ ಒಂದು ದಿನ ಬೇಲಿಯಾಚೆಯಿಂದ ಇಣುಕಿ ಬಂದು, "ಇಷ್ಟು ಸಣ್ಣ ಹಣ್ಣು, ಯಾರು ತಿಂತಾರೆ?" ಅಂದರು.

ತಿನ್ನುವುದಕ್ಕಲ್ಲವಲ್ಲ. ನಮ್ಮ ನೀಲಿ ದ್ರಾಕ್ಷಿಯ ಕಡುವಾಸನೆ ಒಳ್ಳೆಯ ವೈನಿಗೆ ಆಗಿಬರುವುದಿಲ್ಲ. ಅದು ಜ್ಯೂಸಿಗೆ, ಅಗ್ಗದ ಪೋರ್ಟ್ ವೈನಿಗೆ ಹೋಗುತ್ತದೆ. 2013ರಲ್ಲಿ ಅದಕ್ಕೂ ಜಿಐ ಟ್ಯಾಗ್ ಸಿಕ್ಕಿತು. ಅಂದರೆ ಶಾಂಪೇನಿನ ಹಾಗೆ ಊರಿನ ಹೆಸರೇ ಕಾನೂನಿನ ಆಸ್ತಿ! ಆದರೆ ಆ ಹೆಸರಿಗೆ ಅಲ್ಲಿ ಸಾವಿರಾರು ರೂಪಾಯಿ. ಇಲ್ಲಿ, ಅಪ್ಪನ ಕಾಲದಲ್ಲಂತೂ, ಕೆಲವು ಸಲ ಲಾರಿ ಬಾಡಿಗೆ ಹುಟ್ಟಿದರೆ ಹೆಚ್ಚು.

ಕೊನೆಗೆ ನಾಸಿಕದ ಶಾಂಡೊನ್ ಬ್ರೂಟ್ ತಂದೆ. ಫ್ರಾನ್ಸಿನ ಶಾಂಪೇನ್ ಮನೆತನದವರೇ 2013ರಲ್ಲಿ ಇಲ್ಲಿ ಶುರುಮಾಡಿದ್ದು, ಗುಳ್ಳೆ ಬಾಟಲಿಯೊಳಗೇ ಹುಟ್ಟುವ ಹಳೇ ಕ್ರಮ, ನನ್ನ ಜೇಬಿಗೂ ಸರಿ. ಒಳಗಿನ ಒತ್ತಡ ಕಾರಿನ ಟೈರಿನ ಎರಡು ಪಟ್ಟಿಗಿಂತ ಹೆಚ್ಚಂತೆ. ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ಮೆಲ್ಲಗೆ ತಿರುಗಿಸಿದೆ. ಅಷ್ಟರಲ್ಲಿ ನನ್ನಾಕೆ ಎದ್ದು ಹೋಗಿ, ಅಪ್ಪನ ಫೋಟೋ ಇರುವ ಕೋಣೆಯ ಬಾಗಿಲು ಮುಂದಕ್ಕೆಳೆದು ಬಂದಳು.