ಶಾಸನದ ಪಾಠದ ಕೆಳಗೆ ತಂತ್ರಾಂಶದ ಹೆಸರು

ಕಾಮಸಮುದ್ರದ ಸುತ್ತಮುತ್ತಲಿನ ಶಾಸನಗಳನ್ನು ಹುಡುಕುವವರು ಮೊದಲು ತೆರೆಯೋದು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ, ಅಂದರೆ 1905ರ ಕೋಲಾರ ಜಿಲ್ಲೆಯ ಸಂಪುಟ. ಅದರಲ್ಲಿ ಬಂಗಾರಪೇಟೆ ತಾಲ್ಲೂಕಿನ ಸಂಕೇತ 'ಬಿಪಿ'. ಆಗ ಊರಿನ ಹೆಸರು ಬೌರಿಂಗ್‌ಪೇಟೆ. ಹೆಸರು ಹೋಯ್ತು, ಸಂಕೇತ ಉಳೀತು. ಬಿಪಿ ಅಂತ ಬರೆದು ಪಕ್ಕದಲ್ಲಿ ಸಂಖ್ಯೆ ಕೊಟ್ಟರೆ ಇವತ್ತಿಗೂ ಯಾರು ಬೇಕಾದರೂ ಅದೇ ಪಾಠ ತೆಗೆದು ನೋಡಬಹುದು.

ಕಲ್ಲಿನ ಉಲ್ಲೇಖದಲ್ಲಿ ಇಷ್ಟು ಶಿಸ್ತಿರುವ ನಮ್ಮ ಲೇಖನಗಳಲ್ಲಿ, ಈಚೆಗೆ "3ಡಿ ಸ್ಕ್ಯಾನ್ ಮೂಲಕ ಓದಲಾಗಿದೆ" ಅಂತ ಒಂದೇ ಸಾಲು ಬರುತ್ತೆ. ಯಾವ ತಂತ್ರಾಂಶ, ಯಾವ ಆವೃತ್ತಿ, ಏನೂ ಇರಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಯೋಜನೆಯಿಂದಾಗಿ 3ಡಿ ಸ್ಕ್ಯಾನಿಂಗ್ ನಮಗೆಲ್ಲ ಪರಿಚಯವಾಗಿದೆ. ಹಾಗಾಗಿ ಈ ಮಾತು ಈಗಲೇ ಆಡಬೇಕು.

ಸ್ಕ್ಯಾನರ್ ಕೊಡೋದು ಲಕ್ಷಾಂತರ ಬಿಂದುಗಳನ್ನು, ಅಕ್ಷರಗಳನ್ನಲ್ಲ. ಆ ಬಿಂದುಗಳಿಗೆ ಮೈ ಕಟ್ಟೋದು ತಂತ್ರಾಂಶ. ಹೆಚ್ಚಾಗಿ ಬಳಸುವ ಪ್ವಾಸೋನ್ ವಿಧಾನದಲ್ಲಿ 'ಆಳ' ಅನ್ನೋ ಒಂದು ಅಂಕಿ ಇದೆ. ಅದನ್ನ ಕಡಿಮೆ ಇಟ್ಟರೆ ಸವೆದ ಗೆರೆ ನುಣ್ಣಗಾಗಿ ಮಾಯ. ಜಾಸ್ತಿ ಇಟ್ಟರೆ ಕಲ್ಲಿನ ಒರಟೂ ಗೆರೆಯ ಥರ ಕಾಣುತ್ತೆ. ಆಮೇಲೆ ಬೆಳಕು. ಗೆರೆಯ ಉದ್ದಕ್ಕೇ ಬೆಳಕು ಬಿದ್ದರೆ ಆ ಗೆರೆ ಸರಿಯಾಗಿ ಕಾಣಲ್ಲ. ಹಳಗನ್ನಡದಲ್ಲಿ ತಲೆ ತೆರೆದಿದ್ದರೆ ಪ, ಮುಚ್ಚಿದ್ದರೆ ವ. ಒಂದು ಬಿರುಕು ಸಾಕು, ಪಕಾರ ವಕಾರ ಆಗೋಕೆ. ಊರಿನ ಹೆಸರೇ ಬೇರೆಯಾಗಿಬಿಡಬಹುದು. ಇನ್ನೊಬ್ಬರು ಆ ಓದನ್ನು ಪರೀಕ್ಷಿಸಬೇಕಾದರೆ ಅದೇ ಅಂಕಿ, ಅದೇ ಬೆಳಕಿನ ದಿಕ್ಕು ಬೇಕೇ ಬೇಕು.

ಮಾಡಿದವರ ಹೆಸರಿನ ವಿಷಯವೂ ಇದೆ. ಗಂಗ ಶ್ರೀಪುರುಷನ 776ರ ದೇವರಹಳ್ಳಿ ತಾಮ್ರಪಟದಲ್ಲಿ ರಾಜನ ಹೊಗಳಿಕೆಯೆಲ್ಲ ಮುಗಿದ ಮೇಲೆ ಬರೆದ ವಿಶ್ವಕರ್ಮಾಚಾರ್ಯನ ಹೆಸರೂ ಇದೆ. ಹೊಯ್ಸಳರ ಕಾಲದ ದಾಸೋಜ, ಮಲ್ಲಿತಮ್ಮರು ನಮಗೆ ಗೊತ್ತಿರೋದೂ ಅವರು ಹೆಸರು ಕೊರೆದಿಟ್ಟಿದ್ದರಿಂದಲೇ. ನಾವು ಪುಕ್ಕಟೆ ಇಳಿಸಿಕೊಂಡು ಬಳಸುವ ಮೆಷ್‌ಲ್ಯಾಬ್ ಇಟಲಿಯ ಪೀಸಾದ ಸಂಶೋಧನಾ ಸಂಸ್ಥೆಯೊಂದರಲ್ಲಿ ಬೆಳೆದದ್ದು. ಅದನ್ನು ಬಳಸಿದವರು 2008ರ ಅವರ ಪ್ರಬಂಧವನ್ನ ಉಲ್ಲೇಖಿಸಬಹುದು. ಇಂಥವರಿಗೆ ಮುಂದಿನ ಅನುದಾನ ಕೇಳೋಕೆ ಉಲ್ಲೇಖವೇ ಸಾಕ್ಷಿ. ತಂತ್ರಾಂಶವನ್ನೂ ಪುಸ್ತಕ, ಪ್ರಬಂಧಗಳಷ್ಟೇ ಗೌರವದಿಂದ ಉಲ್ಲೇಖಿಸಬೇಕು ಅಂತ 2016ರಲ್ಲೇ ಫೋರ್ಸ್11 ಗುಂಪಿನ ವಿಜ್ಞಾನಿಗಳು ತತ್ವಗಳನ್ನ ಪ್ರಕಟಿಸಿದ್ದಾರೆ.

ನನ್ನ ಸಲಹೆ ಸರಳ. ಪಾಠದ ಕೆಳಗೆ ಹೀಗೆ ಬರೆಯಿರಿ: "ಮೆಷ್‌ಲ್ಯಾಬ್ 2023.12, ಪ್ವಾಸೋನ್ ಆಳ 11, ಬೆಳಕು ಎಡ ಮೇಲಿನಿಂದ, ಓದಿದವರು ಇಂಥವರು." ತಂತ್ರಾಂಶಕ್ಕೆ ಡಿಒಐ ಇದ್ದರೆ ಅದನ್ನೂ ಸೇರಿಸಿ. ಅದು ಹೆಚ್ಚುಕಮ್ಮಿ ಬಿಪಿ ಸಂಖ್ಯೆ ಇದ್ದಹಾಗೆ, ಜಾಲತಾಣದ ವಿಳಾಸ ಬದಲಾದರೂ ಕೆಲಸ ಮಾಡುತ್ತೆ. ಗಿಟ್‌ಹಬ್‌ನಲ್ಲಿರುವ ಎಷ್ಟೋ ತಂತ್ರಾಂಶಗಳಲ್ಲಿ 'ಸೈಟೇಶನ್' ಅನ್ನೋ ಕಡತವೇ ಇರುತ್ತೆ, ಅದನ್ನ ನಕಲು ಮಾಡಿಕೊಂಡರಾಯ್ತು. ಮೂಲ ಬಿಂದುಗಳ ಕಡತವನ್ನು ಸರ್ನ್ ನಡೆಸುವ ಝೆನೊಡೋದಲ್ಲಿ ಇಟ್ಟರೆ ಅದಕ್ಕೂ ಒಂದು ಡಿಒಐ ಸಿಗುತ್ತೆ, ದುಡ್ಡಿಲ್ಲದೆ.