ಮರೆವಿಗೆ ಮೊದಲೇ ಬದಲಾಗುವ ನಂಟುಗಳು

1906ರ ನವೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಅಲೋಯಿಸ್ ಆಲ್ಝೈಮರ್ ವೈದ್ಯರ ಸಭೆಯ ಮುಂದಿಟ್ಟದ್ದು ಆಗುಸ್ಟೆ ಡೇಟರ್ ಎಂಬ ಹೆಂಗಸಿನ ಮಿದುಳಿನ ವಿವರ. ಆಕೆ ಅದೇ ವರ್ಷ ತೀರಿಕೊಂಡಿದ್ದರು. ಮುಂದೆ ದಶಕಗಟ್ಟಲೆ, ಅವರ ಹೆಸರೇ ಪಡೆದ ಆಲ್ಝೈಮರ್ ಎಂಬ ಈ ಮರೆವಿನ ಕಾಯಿಲೆಯ ಖಚಿತ ಗುರುತು ಸಿಗುತ್ತಿದ್ದುದು ಸತ್ತವರ ಮಿದುಳಿನಲ್ಲಿ. ಅದು ಶುರುವಾಗುವ ಬಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ದಾರಿ ತೆರೆದದ್ದು 1990ರ ದಶಕದಲ್ಲಿ. ರಕ್ತದ ಆಮ್ಲಜನಕದ ಏರಿಳಿತವನ್ನು ಎಂಆರ್‌ಐ ಹಿಡಿಯಬಲ್ಲದೆಂದು 1990ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸೇಜಿ ಒಗಾವಾ ತೋರಿಸಿದರು. ಅವರು ಪರೀಕ್ಷಿಸಿದ್ದು ಇಲಿಗಳ ಮಿದುಳನ್ನು. ಮನುಷ್ಯ ಸುಮ್ಮನೆ ಮಲಗಿರುವಾಗಲೂ ಮಿದುಳಿನ ಎಡಬಲದ ಚಲನಾ ಭಾಗಗಳು ಒಂದೇ ಲಯದಲ್ಲಿ ಏರಿಳಿಯುತ್ತವೆಂದು 1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಕಂಡುಕೊಂಡರು. ದೂರದ ಎರಡು ಭಾಗಗಳ ಈ ಲಯಸಾಮ್ಯವೇ ಅವುಗಳ ನಡುವಿನ ನಂಟನ್ನು ಅಳೆಯುವ ಮಾನವಾಯಿತು. ಅದೇ ವರ್ಷ, ಈ ಕಾಯಿಲೆಯನ್ನು ಪ್ರಾಣಿಗಳಲ್ಲಿ ಅಭ್ಯಸಿಸಲೆಂದು ರೂಪಿಸಿದ, ಮಾನವ ಜೀನಿನ ದೋಷ ಹೊತ್ತ ಪಿಡಿಎಪಿಪಿ ಸುಂಡಿಲಿ ವರದಿಯಾಯಿತು. 1996ರಲ್ಲಿ ಮಿನ್ನೆಸೋಟದ ಕರೆನ್ ಶಾವೊ ತಂಡ, ಸ್ವೀಡನ್ನಿನ ಕುಟುಂಬವೊಂದರಲ್ಲಿ ಕಂಡಿದ್ದ ಜೀನ್ ದೋಷವಿರುವ ಟಿಜಿ2576 ಎಂಬ ತಳಿಯನ್ನು ರೂಪಿಸಿತು.

ಇಲಿ ಮತ್ತು ಯಂತ್ರ ಎರಡೂ ಸಿದ್ಧವಿದ್ದವು. ಆದರೂ ಅವನ್ನು ಕೂಡಿಸಲು ವರ್ಷಗಳೇ ಹಿಡಿದವು.

ಸುಂಡಿಲಿಯ ಮಿದುಳು ಅರ್ಧ ಗ್ರಾಮಿಗಿಂತ ಕಡಿಮೆ ತೂಕದ್ದು. ಅದು ಕೊಂಚ ಅಲುಗಿದರೂ ಚಿತ್ರ ಕೆಡುತ್ತದೆ. ಮಲಗಿಸಲು ಅರಿವಳಿಕೆ ಕೊಟ್ಟರೆ, ಅಳೆಯಬೇಕಾದ ಲಯವನ್ನೇ ಅದು ಕುಗ್ಗಿಸಿಬಿಡುತ್ತದೆ. ಯಾವ ಮದ್ದು, ಎಷ್ಟು ಪ್ರಮಾಣ ಎಂಬುದನ್ನು ಪ್ರಯೋಗಾಲಯಗಳು ತಾಳ್ಮೆಯಿಂದ ಹದಗೊಳಿಸಬೇಕಾಯಿತು.

2012ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಎಂಆರ್‌ಐಯನ್ನು ಬದಿಗಿಟ್ಟು, ತಲೆಬುರುಡೆ ಕೊರೆಯದೆ ಅದರ ಮೇಲೆ ಬೆಳಕು ಹಾಯಿಸಿ ನಂಟುಗಳನ್ನು ಅಳೆಯಿತು. ಎಳೆಯ ಇಲಿಗಳಲ್ಲಿ ನಂಟು ಬಲವಾಗಿದ್ದ ಜಾಗಗಳಲ್ಲೇ ಮುಂದೆ ಈ ಕಾಯಿಲೆಯ ಗುರುತಾದ ಅಮಿಲಾಯ್ಡ್ ಪ್ರೋಟೀನು ಹೆಚ್ಚು ಶೇಖರವಾಗುತ್ತಿತ್ತು; ವಯಸ್ಸಾದಂತೆ ಅದೇ ಜಾಗಗಳ ನಂಟು ಸಡಿಲಗೊಳ್ಳುತ್ತಿತ್ತು.

2016ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ತಂಡ ಇನ್ನೂ ಹಿಂದಕ್ಕೆ ಹೋಯಿತು. ಪ್ರೋಟೀನಿನ ಗಂಟುಗಳು ಮೂಡುವ ಮೊದಲು ಟಿಜಿ2576 ಮತ್ತು ಪಿಡಿಎಪಿಪಿ ಇಲಿಗಳ ಮಿದುಳಿನಲ್ಲಿ ಲಯಸಾಮ್ಯ ತಗ್ಗಿರಲಿಲ್ಲ, ಅತಿಯಾಗಿತ್ತು! ಚಿಕಿತ್ಸೆಗೆ ಸಿಗಬಹುದಾದ ಕಾಲಾವಕಾಶ ಅಲ್ಲಿದೆ ಎಂದು ಆ ತಂಡ ವಾದಿಸಿತು.

ಈ ಸುಂಡಿಲಿಗಳು ಕಾಯಿಲೆಯ ಪೂರ್ತಿ ಪ್ರತಿರೂಪವೇನಲ್ಲ. ಟಿಜಿ2576ರಲ್ಲಿ ಟೌ ಪ್ರೋಟೀನಿನ ಸಿಕ್ಕುಗಳು ಬೆಳೆಯುವುದಿಲ್ಲ, ನರಕೋಶಗಳ ಸಾವೂ ವಿರಳ. ಅದಕ್ಕೇ 2013ರಲ್ಲಿ ವರದಿಯಾದ ಟಿಜಿಎಫ್344 ಇಲಿಗೆ ಇಷ್ಟು ಮಹತ್ವ: ಅಮಿಲಾಯ್ಡ್, ಟೌ, ಕೋಶನಾಶ ಮೂರೂ ಅದರಲ್ಲಿ ವಯಸ್ಸಿನೊಂದಿಗೆ ಕಾಣಿಸಿಕೊಳ್ಳುತ್ತವೆ. ಮೊದಲು ಯಾವ ನಂಟು ಕೆಡುತ್ತದೆ ಎಂಬ ಪ್ರಶ್ನೆಯನ್ನು ಸಂಶೋಧಕರು ಈಗ ಈ ತಳಿಯ ಮುಂದೆಯೂ ಇಟ್ಟಿದ್ದಾರೆ.