ಹಿರಿಯರ ಆರೈಕೆ ಮತ್ತು ನಮ್ಮ ಹೊಣೆ: ಒಂದು ಚಾರಿತ್ರಿಕ ಅವಲೋಕನ

ಶತಮಾನೋತ್ಸವದ ಸಂದರ್ಭದಲ್ಲಿ ದೇವಾಲಯದ ಕಲ್ಲುಗಾರೆಗಳ ಚರಿತ್ರೆಯನ್ನು ಸ್ಮರಿಸುವುದು ವಾಡಿಕೆ. ಆ ಕಾರ್ಯವನ್ನು ಈ ಸಂಚಿಕೆಯ ಇತರ ಲೇಖನಗಳಿಗೆ ಬಿಟ್ಟು, ನಾವು ಬೇರೊಂದು ಚರಿತ್ರೆಯತ್ತ ಓದುಗರ ಗಮನವನ್ನು ಸೆಳೆಯಬಯಸುತ್ತೇವೆ. ಮುಂದಿನ ಸಾಲಿನಲ್ಲಿ ಕುಳಿತು ಜಪಸರ ಹಿಡಿಯುವ ನಮ್ಮ ಹಿರಿಯರನ್ನು ಸಮಾಜವೂ ಸರ್ಕಾರವೂ ಧರ್ಮಸಭೆಯೂ ಹೇಗೆ ನಡೆಸಿಕೊಂಡು ಬಂದಿವೆ ಎಂಬುದೇ ಆ ಚರಿತ್ರೆ.

ರಾಯಚೂರು, ಮಾನ್ವಿ, ದೇವದುರ್ಗಗಳು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ ಮುಪ್ಪೆಂಬುದು ಕೆಲವರಿಗೆ ಮಾತ್ರ ಲಭಿಸುತ್ತಿದ್ದ ಭಾಗ್ಯವಾಗಿತ್ತು. ಬರ, ಪ್ಲೇಗು, ಕಾಲರಾಗಳು ಜನರನ್ನು ನಡುವಯಸ್ಸಿನಲ್ಲೇ ಕೊಂಡೊಯ್ಯುತ್ತಿದ್ದವು. 1918ರ ಇನ್‌ಫ್ಲುಯೆನ್ಜಾ ಮಹಾಮಾರಿಯು 20ರಿಂದ 40 ವಯಸ್ಸಿನ ದುಡಿಯುವ ಕೈಗಳನ್ನೇ ಹೆಚ್ಚಾಗಿ ಬಲಿ ತೆಗೆದುಕೊಂಡಿತು. 1951ರಲ್ಲಿಯೂ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ ಮಾತ್ರ. ಇಂದು ಅದು ಸುಮಾರು 70ಕ್ಕೆ ಏರಿದೆ. ಆದುದರಿಂದ ಬಹುಸಂಖ್ಯೆಯ ವೃದ್ಧರನ್ನು ಹೇಗೆ ನೋಡಿಕೊಳ್ಳಬೇಕೆಂಬ ಪ್ರಶ್ನೆಯು ನಮ್ಮ ಅಜ್ಜಂದಿರಿಗೆ ಎದುರಾಗಿರಲಿಲ್ಲ. ಅದು ನಮ್ಮ ತಲೆಮಾರಿನ ಪಾಲಿಗೆ ಬಂದದ್ದು.

ಧರ್ಮಸಭೆಗಾದರೋ ಈ ಕರ್ತವ್ಯವು ಹಳೆಯದು. ತಂದೆತಾಯಿಗಳನ್ನು ಗೌರವಿಸಬೇಕೆಂಬುದು ದೇವರ ನಾಲ್ಕನೆಯ ಕಟ್ಟಳೆ. ತಂದೆತಾಯಿಗೆ ಸಲ್ಲಬೇಕಾದುದನ್ನು ದೇವರಿಗೆ ಮುಡಿಪೆಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಪ್ರಭು ಯೇಸು ಖಂಡಿಸಿದ್ದನ್ನು ಸಂತ ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. 1839ರಲ್ಲಿ ಫ್ರಾನ್ಸ್ ದೇಶದಲ್ಲಿ ಜೀನ್ ಜುಗಾನ್ ಎಂಬ ಮಹಿಳೆ ಕುರುಡಿಯಾದ ಒಬ್ಬ ವೃದ್ಧೆಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಆಕೆಗೆ ಬಿಟ್ಟುಕೊಟ್ಟಳು. ಅಲ್ಲಿಂದ ಹುಟ್ಟಿದ ಭಗಿನಿಯರ ಸಭೆಯು 1882ರಲ್ಲಿ ಕಲ್ಕತ್ತೆಗೂ ಅನಂತರ ಬೆಂಗಳೂರಿಗೂ ಬಂದು ಬಡ ವೃದ್ಧರ ಸೇವೆಗೆ ನಿಂತಿತು. 2009ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ, 1972ರಲ್ಲಿ, ಜಗದ್ಗುರು ಆರನೇ ಪೌಲರು ಅಭ್ಯಂಗ ಸಂಸ್ಕಾರದ ವಿಧಿಯನ್ನು ನವೀಕರಿಸಿದರು. ಅಲ್ಲಿಯವರೆಗೆ ಸಾವಿನ ಹೊಸ್ತಿಲಲ್ಲಿ ಕೊಡುವ ಅಂತ್ಯಾಭ್ಯಂಗವೆಂದೇ ಜನರು ಅಂಜುತ್ತಿದ್ದ ಸಂಸ್ಕಾರವು ರೋಗಿಗಳಿಗೂ ವಯಸ್ಸಿನಿಂದ ಬಲಗುಂದಿದವರಿಗೂ ಸಾಂತ್ವನವಾಯಿತು. ಸಾಯುವವರಿಗಾಗಿ ಮಾತ್ರವಲ್ಲ, ಮುಪ್ಪಿನಲ್ಲಿ ಬದುಕುವವರಿಗಾಗಿಯೂ ಧರ್ಮಸಭೆ ಇದೆ ಎಂಬುದು ಇದರ ತಾತ್ಪರ್ಯ.

ಸರ್ಕಾರವೂ ಸುಮ್ಮನಿರಲಿಲ್ಲ. 2007ರಲ್ಲಿ ಕರ್ನಾಟಕದ ಸಂಧ್ಯಾ ಸುರಕ್ಷಾ ಪಿಂಚಣಿಯೂ, ಹೆತ್ತವರನ್ನು ಪೋಷಿಸುವುದು ಮಕ್ಕಳ ಕಾನೂನುಬದ್ಧ ಹೊಣೆಯೆಂದು ಸಾರಿದ ಕೇಂದ್ರ ಕಾಯಿದೆಯೂ ಬಂದವು. ಅದೇ ವರ್ಷ ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. 2010-11ರಲ್ಲಿ ವೃದ್ಧರ ಆರೋಗ್ಯಕ್ಕೆಂದೇ ಒಂದು ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು. ಆದರೆ ಮಾನ್ವಿಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 45 ಕಿಲೋಮೀಟರ್, ದೇವದುರ್ಗದಿಂದ ಅದಕ್ಕೂ ಹೆಚ್ಚು. ಮಕ್ಕಳು ಬೆಂಗಳೂರಿಗೆ ಗುಳೆ ಹೋದ ಮನೆಯಲ್ಲಿ ಮೊಮ್ಮಕ್ಕಳನ್ನು ಕಾಯುತ್ತ ಉಳಿದ ಮುದುಕಿಯನ್ನು ಬಸ್ಸು ಹತ್ತಿಸುವವರು ಯಾರು? ಹೊಲದಲ್ಲಿ ದುಡಿದು ಸವೆದ ಆಕೆಯ ಹೆಬ್ಬೆರಳನ್ನು ರೇಷನ್ ಅಂಗಡಿಯ ಯಂತ್ರ ಗುರುತಿಸದಿದ್ದರೆ ಆಕೆಯ ಪರವಾಗಿ ಮಾತಾಡುವವರು ಯಾರು? 2022ರಲ್ಲಿ ರಾಯಚೂರು ನಗರದಲ್ಲಿಯೂ, 2023ರಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿಯೂ ಕಲುಷಿತ ನೀರಿನಿಂದ ಸಂಭವಿಸಿದ ಸಾವುನೋವುಗಳು ಇನ್ನೊಂದು ಪಾಠವನ್ನು ಕಲಿಸಿವೆ. ಎಳೆಯರ ಹಾಗೂ ಮುದುಕರ ಆರೋಗ್ಯ ಆಸ್ಪತ್ರೆಯಲ್ಲಲ್ಲ, ನಲ್ಲಿಯ ನೀರಿನಲ್ಲೇ ಆರಂಭವಾಗುತ್ತದೆ.

ಈ ಎಲ್ಲ ಪ್ರಶ್ನೆಗಳು ಒಟ್ಟಾಗಿ ನಮ್ಮ ಮುಂದೆ ನಿಂತದ್ದು ಕೊರೊನಾ ಮಹಾಮಾರಿಯ ಕಾಲದಲ್ಲಿ. 1918ಕ್ಕೆ ವಿರುದ್ಧವಾಗಿ ಈ ರೋಗವು ವೃದ್ಧರನ್ನೇ ಹೆಚ್ಚಾಗಿ ಕಾಡಿತು. 2020ರ ಮಾರ್ಚ್‌ನಲ್ಲಿ, ಹಾಸಿಗೆಗಳು ಸಾಲದೆ ಹೋದಾಗ, ತೀವ್ರ ನಿಗಾ ಘಟಕಕ್ಕೆ ಸೇರಿಸಿಕೊಳ್ಳಲು ವಯಸ್ಸಿನ ಮಿತಿ ಹಾಕಬೇಕಾದೀತೆಂದು ಇಟಲಿಯ ತಜ್ಞವೈದ್ಯರ ಸಂಘವು ಹೇಳಿತು. ಅದೇ ತಿಂಗಳಿನಲ್ಲಿ ವ್ಯಾಟಿಕನ್ನಿನ ಜೀವನ ವಿಷಯಕ ಅಕಾಡೆಮಿಯು, ವಯಸ್ಸೊಂದನ್ನೇ ಅಳತೆಗೋಲಾಗಿಸಿದರೆ ವೃದ್ಧರ ಬಗ್ಗೆ ಭೇದಭಾವಕ್ಕೆ ದಾರಿಯಾದೀತೆಂದು ಎಚ್ಚರಿಸಿತು. ವೈದ್ಯರನ್ನು ನಾವು ದೂರುವುದಿಲ್ಲ. ಅವರ ಸಂಕಟ ದೊಡ್ಡದು. ಆದರೆ ಗುಣವಾಗುವ ಸಾಧ್ಯತೆಯನ್ನು ತೂಗುವುದು ಬೇರೆ, ಒಬ್ಬರ ಉಳಿದ ವರ್ಷಗಳಿಗೆ ಬೆಲೆ ಕಟ್ಟುವುದು ಬೇರೆ. ನಮ್ಮ ದೇಶದಲ್ಲಿ 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆಯಲ್ಲಿ ಆದ್ಯತೆ ದೊರೆತದ್ದು ಅದೇ ವಯಸ್ಸಿನ ನ್ಯಾಯಯುತ ಬಳಕೆ. ಹೆಚ್ಚು ಅಪಾಯದಲ್ಲಿದ್ದವರಿಗೆ ಮೊದಲ ಸರದಿ ಸಂದಿತು.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. 2020ರ ಜೂನ್‌ನಲ್ಲಿ ಪೂಜಾಸ್ಥಳಗಳು ಪುನಃ ತೆರೆದಾಗ, 65 ಮೀರಿದವರು ಮನೆಯಲ್ಲೇ ಉಳಿಯಬೇಕೆಂಬ ಸರ್ಕಾರದ ಸೂಚನೆಯನ್ನು ನಾವು ಪೀಠದಿಂದ ಓದಿದೆವು. ಸೂಚನೆ ಸರಿಯಾದುದೇ ಆಗಿತ್ತು. ಆದರೆ ಓದಿ ಸುಮ್ಮನಾದದ್ದು ಸರಿಯಲ್ಲ. ಕೆಲವು ವಾರಗಳ ತರುವಾಯ ಹೊಸ್ತಿಲಾಚೆ ನಿಂತು ಪರಮಪ್ರಸಾದ ನೀಡಲು ಹೋದಾಗ ವೃದ್ಧೆಯೊಬ್ಬರು ಹೇಳಿದರು: "ಫಾದರ್, ನನಗ ರೋಗ ಬರಬಾರದಂತ ಎಲ್ಲಾರೂ ಹೇಳ್ತೀರಿ. ನನಗ ಏನ್ ಬೇಕಂತ ಒಬ್ಬರೂ ಕೇಳ್ಲಿಲ್ಲ." ಅವರಿಗೆ ಉತ್ತರ ಕೊಡಲು ನಮ್ಮಲ್ಲಿ ಮಾತಿರಲಿಲ್ಲ. ಜೀವವನ್ನು ಕಾಯುವ ಭರದಲ್ಲಿ ಆ ಜೀವದ ಒಡತಿಯನ್ನೇ ಮರೆತಿದ್ದೆವು. ಕಾಪಾಡುವುದು ಧರ್ಮ, ಕೇಳಿ ಕಾಪಾಡುವುದು ಪೂರ್ಣಧರ್ಮ.

2021ರಲ್ಲಿ ಜಗದ್ಗುರು ಫ್ರಾನ್ಸಿಸರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವನ್ನಾಗಿ ನೇಮಿಸಿದರು. ಆ ಒಂದು ದಿನದ ಶಾಲು-ಹಾರಗಳಿಂದ ನಮ್ಮ ಋಣ ತೀರದು. ಪ್ರತಿಯೊಂದು ಬೀದಿಯಲ್ಲಿಯೂ ಇಬ್ಬರು ಯುವಕಯುವತಿಯರು ಒಂಟಿ ಹಿರಿಯರ ಮನೆಗೆ ವಾರಕ್ಕೊಮ್ಮೆ ಹೋಗಿ, ಔಷಧಿ, ಪಿಂಚಣಿ, ನೀರು ಇವುಗಳನ್ನು ವಿಚಾರಿಸಲಿ. ಅದಕ್ಕೂ ಮೊದಲು ಅವರ ಪಕ್ಕದಲ್ಲಿ ಕುಳಿತು ಅವರ ಮಾತನ್ನು ಆಲಿಸಲಿ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರಕ್ಕೆ ಇದಕ್ಕಿಂತ ಶ್ರೇಷ್ಠವಾದ ಅಸ್ತಿವಾರ ಬೇರೊಂದಿಲ್ಲ. ಈ ಸೇವೆಗೆ ಬೇಕಾದ ತಾಳ್ಮೆಯನ್ನು ದಯಾಮಯನಾದ ದೇವರು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇವೆ.